ಅವ್ವನ ಹೆಬ್ಬಟ್ಟು, ಅವ್ವನ ಸಹಿ

ಭಾಂಡಿ ತಿಕ್ಕಿ, ಸೆರಗಿಗೆ ಕೈ ಒರೆಸಿಕೊಂಡು ಫೋನ್ ಎತ್ತಿದ್ರ ನನ್ನ ಫೋನ್ ನನಗ ತೆಗಿಯಂಗಿಲ್ಲ. ಬೆರಳಿಟ್ಟರ ಗುರ್ ಅಂತ ನಡಗತೈತಿ, ಮತ್ತೊಮ್ಮೆ ಇಡು ಅಂತೈತಿ. ಮಗ ನಗತಾನ. "ಮಮ್ಮಿ, ನೀ ಯಾರಂತ ನಿನ್ನ ಫೋನಿಗೇ ಗೊತ್ತಿಲ್ಲ ನೋಡು" ಅಂತಾನ. ನಾಕು ಸಲ ಆದಮ್ಯಾಲೆ ನಂಬರ್ ಹಾಕಿ ತೆಗಿತೀನಿ, ಅಲ್ಲಿಗೆ ಮುಗೀತು. ನನಗ ಅದು ನಗೋ ಮಾತು. ಆದರ ಇದ ಕಾರಣಕ್ಕ ನಮ್ಮ ಅವ್ವಗ ಮೂರು ತಿಂಗಳ ರೇಶನ್ ಅಕ್ಕಿ ತಪ್ಪಿತ್ತು.

ಅದನ್ನ ಬರೀಬೇಕಂತ ಭಾಳ ದಿನದಿಂದ ಮನಸಿನ್ಯಾಗ ಇತ್ತು. ಬರಿಯಾಕ ಕುಂತರ ಮೊದಲನೇ ಪ್ರಶ್ನಿನ ಬ್ಯಾರೆ ಬಂತು. ಈ ಹೆಬ್ಬಟ್ಟು ಒತ್ತೋದು ಎಂದಿನಿಂದ ಬಂತು? ಯಾರು ತಂದ್ರು? ನಾವು ಸಣ್ಣವರಿದ್ದಾಗ ಸಾಲಿ ಕಲೀಲಾರದವ್ರನ್ನ "ಹೆಬ್ಬಟ್ಟು ಗಿರಾಕಿ" ಅಂತ ಆಡಿಕೋತಿದ್ವಿ. ಈಗ ನೋಡಿದ್ರ ಡಾಕ್ಟರು, ವಕೀಲರು, ಪ್ರೊಫೆಸರು ಎಲ್ಲಾರೂ ಆಫೀಸಿನ ಬಾಗಲದಾಗ ನಿಂತು ಬೆರಳು ಒತ್ತಿ ಒಳಗ ಹೋಗ್ತಾರ. ಅವಮಾನ ಆಗಿದ್ದು ಯಾವಾಗ ನಿಯಮ ಆತು? ನಾ ಓದಿದ್ದು ಪಿಯುಸಿ ತನಕ. ಆದರೂ ಮಗನ ಕಡೆ ಕೇಳಿ, ಲೈಬ್ರರಿಯೊಳಗ ಕುಂತು, ತಿಳಿದಷ್ಟು ಕೂಡಿಸೀನಿ. ಓದ್ರಿ.

ಹೆಬ್ಬಟ್ಟು ಬರೋಕಿಂತ ಮೊದಲೂ ಮಂದಿ ಕಾಗದಕ್ಕ ಗುರ್ತು ಹಾಕತಿದ್ರು. ವಿಜಯನಗರದ ಅರಸರು ತಾಮ್ರದ ಶಾಸನದ ಕಡೀಗೆ "ಶ್ರೀ ವಿರೂಪಾಕ್ಷ" ಅಂತ ದೇವರ ಹೆಸರನ್ನ ಕನ್ನಡ ಅಕ್ಷರದಾಗ ಬರಸ್ತಿದ್ರು. ಶಾಸನದ ಮೈತುಂಬ ಸಂಸ್ಕೃತ ಇದ್ದರೂ, ನಾಗರಿ ಲಿಪಿ ಇದ್ದರೂ, ಸಹಿ ಮಾತ್ರ ಕನ್ನಡ. ಅದು ಅರಸರ ಮಾತಾತು. ಬರಿಯಾಕ ಬರಲಾರದ ರೈತ ಏನ್ ಮಾಡತಿದ್ದ? ಮರಾಠರ, ಪೇಶ್ವೆಗಳ ಕಾಲದ ಕಾಗದಪತ್ರದಾಗ ಇದಕ್ಕ ಉತ್ತರ ಐತಿ. ನಮ್ಮ ಧಾರವಾಡ ಸೀಮಿನೂ ಅವರ ಕೈಯಾಗ ಇತ್ತಲ್ಲ. ಆ ಕಾಗದದ ಕೆಳಗ ಪಾಟೀಲನ, ರೈತನ ಹೆಸರಿನ ಮುಂದ ಒಂದು ಸಣ್ಣ ನೇಗಿಲದ ಚಿತ್ರ. ಅದಕ್ಕ ನಿಶಾನಿ ಅಂತಿದ್ರು. ಊರಿನ ಆಯಗಾರರು ತಮ್ಮ ತಮ್ಮ ಕೆಲಸದ್ದು ಹಾಕತಿದ್ರು. ಹಜಾಮ ಇದ್ದರ ಕನ್ನಡಿ, ಹಿಂಗ. ಅಂದ್ರ ನೀ ಯಾರು ಅಂತ ಕೇಳಿದ್ರ, ನಾ ಇಂಥಾ ದುಡಿಮಿ ಮಾಡಾಂವ ಅನ್ನೋದ ಉತ್ತರ. ದುಡಿಮಿನ ಸಹಿ. ಈ ಮಾತು ಸ್ವಲ್ಪ ನೆನಪಿಟ್ಟುಕೋರ್ರಿ, ಮುಂದ ಮತ್ತ ಬರ್ತೈತಿ.

ಆ ನೇಗಿಲ ಯಾರ ನೇಗಿಲ ಅಂತ ಹೆಂಗ ಗೊತ್ತಾಗಬೇಕು ಅಂದ್ರ, ಅದಕ್ಕ ಸಾಕ್ಷಿ ಇರ್ತಿದ್ರು. ಊರ ಗೌಡ, ಕುಲಕರ್ಣಿ, ನಾಕು ಮಂದಿ ಹಿರೇರು ಸುತ್ತ ಕುಂತಿರತಿದ್ರು. ಗುರ್ತು ಕಾಗದದ ಮ್ಯಾಲೆ ಇದ್ದರೂ ನಂಬಿಕಿ ಮಂದಿ ಮ್ಯಾಲೆ ಇತ್ತು.

ಇನ್ನ ಬೆರಳಿಗೆ ಬರೂಣು. ಬ್ರಿಟಿಷರ ಕಾಲ. ಬಂಗಾಲದ ಜಂಗೀಪುರದಾಗ ವಿಲಿಯಂ ಹರ್ಷೆಲ್ ಅನ್ನೋ ಅಧಿಕಾರಿ ಇದ್ದ. 1858ರೊಳಗ ರಸ್ತೆ ಕೆಲಸಕ್ಕ ಬೇಕಾದ ಸಾಮಾನು ತಂದು ಹಾಕಾಕ ರಾಜ್ಯಧರ ಕೊನಾಯ್ ಅನ್ನೋ ಅಲ್ಲಿನ ಮನಷ್ಯಾನ ಕೂಡ ಕರಾರು ಮಾಡಿದ. ಮುಂದ ಈತ "ಇದು ನನ್ನ ಸಹಿ ಅಲ್ಲ" ಅಂದು ಕೈ ಝಾಡಿಸಿದ್ರ ಏನು ಗತಿ ಅಂತ ಅವನಿಗೆ ಸಂಶೇ. ಅದಕ್ಕ ಕೊನಾಯ್‌ನ ಅಂಗೈಗೆ ಮಸಿ ಬಳಿದು ಕರಾರಿನ ಹಿಂದ ಒತ್ತಿಸಿಕೊಂಡ. 1857ರ ದಂಗೆ ಆಗಿ ಒಂದು ವರ್ಷ ಆಗಿತ್ತಷ್ಟ. ಸಾಹೇಬರಿಗೆ ನಮ್ಮ ಮಂದಿ ಮ್ಯಾಲೆ ನಂಬಿಕಿ ಎಷ್ಟಿತ್ತು ನೀವ ತಿಳಕೋರ್ರಿ. ಅಂಜಿಕಿ ಹಾಕಾಕ ಮಾಡಿದ ಕೆಲಸ ಅದು. ಆಮ್ಯಾಲೆ ಹರ್ಷೆಲ್ ಬೆರಳಿನ ಗೆರಿ ನೋಡಕೋತ ಹೋದ. ವರ್ಷ ಕಳದರೂ ಗೆರಿ ಬದಲಾಗಂಗಿಲ್ಲ ಅಂತ ಅವನಿಗೆ ತಿಳೀತು. 1877ರೊಳಗ ಹೂಗ್ಲಿ ಜಿಲ್ಲಾದ ಮ್ಯಾಜಿಸ್ಟ್ರೇಟ್ ಇದ್ದಾಗ ಅದನ್ನ ಸರ್ಕಾರದ ಕೆಲಸಕ್ಕ ಹಚ್ಚಿದ. ಎಲ್ಲೆಲ್ಲಿ ಅಂದ್ರ ಜೇಲಿನೊಳಗ, ಕಾಗದ ನೋಂದಣಿ ಮಾಡೋ ಕಡೆ, ಮತ್ತ ಪಿಂಚಣಿ ಕೊಡೋ ಕಡೆ. ಪಿಂಚಣಿದಾರ ಸತ್ತರೂ ಅವನ ಹೆಸರಲೆ ಬ್ಯಾರೆದವ್ರು ರೊಕ್ಕ ಎತ್ತಬಾರದು ಅಂತ ಈ ಉಪಾಯ.

ಇದನ್ನ ಓದಿ ನಾ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಂತೆ. ಪಿಂಚಣಿಗೆ ಬೆರಳು ಕೇಳೋದು ಇವತ್ತಿನ ಮಾತಲ್ಲ, ಒಂದು ನೂರಾ ನಲವತ್ತು ವರ್ಷ ದಾಟಿದ ಮಾತು. ಹುಟ್ಟಿದ್ದ ಸಂಶೇದಾಗ.

ಆದರ ಆಗಿನ ಕಾಲಕ್ಕ ಖರೆ ಮೋಸ ಮಾಡತಿದ್ದವ್ರು ಯಾರು? ಅದೂ ನೋಡಬೇಕಲ್ಲ. ನಮ್ಮ ಧಾರವಾಡ ಜಿಲ್ಲಾ ಆವಾಗ ಮುಂಬೈ ಇಲಾಖೆಯೊಳಗ ಇತ್ತು. ಅದ ಇಲಾಖೆಯ ಪುಣೆ ಜಿಲ್ಲಾದ ಸುಪೆ ಅನ್ನೋ ಊರಾಗ 1875ರ ಮೇ ತಿಂಗಳದಾಗ ರೈತರು ಸಾಹುಕಾರರ ಮನಿಗೆ ನುಗ್ಗಿದ್ರು. ಅವರು ಕೇಳಿದ್ದು ಬಂಗಾರ ಅಲ್ಲ, ಸಾಲದ ಕಾಗದ. ಆ ಕಾಗದನ್ನ ತಂದು ಬೀದ್ಯಾಗ ಸುಟ್ಟರು. ಆ ಗದ್ದಲ ಪುಣೆ, ಅಹ್ಮದನಗರ ಎರಡೂ ಜಿಲ್ಲಾದ ಎಷ್ಟೋ ಊರಿಗೆ ಹಬ್ಬಿತು. ಕಾಗದದಾಗ ಏನು ಬರದೈತಿ ಅಂತ ತಿಳೀಲಾರದ ಕೆಳಗ ನಿಶಾನಿ ಹಾಕಿದ ಮಂದಿ ಅವರು. ಸರ್ಕಾರ ಎಚ್ಚರಾಗಿ 1879ರೊಳಗ ಒಂದು ಕಾಯ್ದೆ ತಂತು. ರೈತ ಬರದುಕೊಡೋ ಪತ್ರ ಹಳ್ಳಿ ರಜಿಸ್ಟ್ರಾರನ ಮುಂದ ಆಗಬೇಕು ಅಂತ ಅದರಾಗ ಮಾಡಿದ್ರು. ಅಂದ್ರ ಬಡವ ಸುಳ್ಳು ಹೇಳ್ತಾನ ಅಂತ ಬಂಗಾಲದಾಗ ಅಂಗೈಗೆ ಮಸಿ ಬಳಿದ್ರು. ಬಡವಗ ಸುಳ್ಳು ಹೇಳಿ ಗುರ್ತು ಹಾಕಿಸಿಕೊಂಡವ್ರು ಈ ಕಡೆ ಇದ್ರು. ನಮ್ಮ ಅಜ್ಜಿ ಹೇಳತಿದ್ದಳು, "ಬಿಳಿ ಹಾಳಿ ಮ್ಯಾಲೆ ಹೆಬ್ಬಟ್ಟು ಒತ್ತಬ್ಯಾಡ್ರಿ, ಬೇಕಾದ್ರ ಉಪಾಸ ಇರ್ರಿ" ಅಂತ. ಅದು ಗಾದಿ ಮಾತಿನಂಗ ಆಗಿತ್ತು ನಮ್ಮ ಮನ್ಯಾಗ.

ಬೆರಳಿನ ಕಥಿ ಕಲ್ಕತ್ತಾದಾಗ ಒಂದು ಹಂತಕ್ಕ ಬಂತು. 1897ರೊಳಗ ಅಲ್ಲಿ ಬೆರಳಚ್ಚಿನ ಕಚೇರಿ ತೆಗದ್ರು. ಸಾವಿರಾರು ಮಂದಿ ಬೆರಳಚ್ಚು ಇದ್ದರ ಅದರಾಗ ಒಂದನ್ನ ಹುಡುಕೋದು ಹೆಂಗ? ಅದಕ್ಕ ಒಂದು ಲೆಕ್ಕ ಬೇಕು. ಆ ಲೆಕ್ಕ ಹಾಕಿ, 1024 ಗೂಡು ಮಾಡಿ, ವಿಂಗಡಿಸೋ ರೀತಿ ಕಟ್ಟಿದವ್ರು ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅನ್ನೋ ಇಬ್ಬರು ನಮ್ಮವ್ರು. ಹೆಸರು ಬಂದದ್ದು ಮಾತ್ರ ಅವರ ಮ್ಯಾಲಿನ ಸಾಹೇಬ ಎಡ್ವರ್ಡ್ ಹೆನ್ರಿಗೆ. ಹೆನ್ರಿ ಪದ್ಧತಿ ಅಂತನ ಅದು ಲಂಡನ್ನಿಗೆ ಹೋತು, 1901ರೊಳಗ ಅಲ್ಲಿನ ಸ್ಕಾಟ್ಲೆಂಡ್ ಯಾರ್ಡ್ ಪೊಲೀಸರು ಹಿಡಕೊಂಡ್ರು. ಹಕ್ ಅವರಿಗೆ ಖಾನ್ ಬಹಾದ್ದೂರ್, ಬೋಸ್ ಅವರಿಗೆ ರಾಯ್ ಬಹಾದ್ದೂರ್ ಅಂತ ಬಿರುದು ಆಮ್ಯಾಲೆ ಸಿಕ್ಕಾವು. ಅಡಗಿ ಮಾಡಿದಾಕಿ ಒಳಗ, ಹೊಗಳಿಕಿ ಹೊರಗ ಕುಂತಾಂವಗ. ನಮಗ ಹೆಣ್ಣಮಕ್ಕಳಿಗೆ ಇದು ಹೊಸದೇನಲ್ಲ ಬಿಡ್ರಿ.

ಈಗ ನಮ್ಮ ಮನಿಗೆ ಬರ್ತೀನಿ.

ನನ್ನ ತವರಮನಿ ಬ್ಯಾಡಗಿ ಹತ್ರದ ಒಂದು ಹಳ್ಳಿ. ಆವಾಗ ಧಾರವಾಡ ಜಿಲ್ಲಾದಾಗ ಇತ್ತು, 1997ರಿಂದ ಹಾವೇರಿ ಜಿಲ್ಲಾ. ಅಪ್ಪ ಭಾಳ ಲಗೂನ ಹೋದ. ಅವ್ವ ನಮ್ಮನ್ನ ಸಾಕಿದ್ದು ಮೆಣಸಿನಕಾಯಿ ಮ್ಯಾಲೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಎಲ್ಲಾರಿಗೂ ಗೊತ್ತು. ಅದರ ತುಂಬು ಬಿಡಿಸೋ ಕೈ ಯಾರದು ಅಂತ ಭಾಳ ಮಂದಿಗೆ ಗೊತ್ತಿಲ್ಲ. ಮುಂಜಾನಿಂದ ಸಂಜಿ ತನಕ ಹೆಣ್ಣಮಕ್ಕಳು ಸಾಲಾಗಿ ಕುಂತು ಒಂದೊಂದ ಕಾಯಿ ಹಿಡದು ತುಂಬು ಚಿವುಟಿ ಒಗಿತಾರ. ಹೆಬ್ಬಟ್ಟು, ತೋರಬೆರಳು, ಇವೆರಡಕ್ಕ ಕೆಲಸ. ಸಂಜಿಕ ಆ ಕೈಲೆ ಕಣ್ಣು ಮುಟ್ಟಿಕೊಳ್ಳಂಗಿಲ್ಲ. ನಾವು ಸಣ್ಣವರಿದ್ದಾಗ ಅವ್ವ ನಮಗ ಕೈತುತ್ತು ಹಾಕಲಿಲ್ಲ. ಯಾಕ ಹಾಕಂಗಿಲ್ಲ ಅಂತ ನಮಗ ಸಿಟ್ಟು. ಕಾರಣ ಗೊತ್ತಾಗಿದ್ದು ದೊಡ್ಡವರಾದಮ್ಯಾಲೆ.

ಅಪ್ಪ ಹೋದಮ್ಯಾಲೆ ಅವ್ವಗ ವಿಧವಾ ವೇತನ ಬರಾಕ ಹತ್ತಿತು. ಮನಿಯಾರ್ಡರ್‌ಲೆ ಬರತಿತ್ತು. ನಮ್ಮ ದೇಶದಾಗ ಮನಿಯಾರ್ಡರ್ ಶುರುವಾಗಿದ್ದು 1880ರೊಳಗ. ಹೊರಗಿನ ಊರಿಗೆ ದುಡಿಯಾಕ ಹೋದವ್ರು ಮನಿಗೆ ರೊಕ್ಕ ಕಳಸಾಕ ಅದಕ್ಕಿಂತ ಛಲೋ ದಾರಿ ಭಾಳ ವರ್ಷ ಇರಲಿಲ್ಲ. ನಮ್ಮ ಕಡೆ ಅದಕ್ಕೆಲ್ಲಾ ಟಪಾಲು ಅಂತಿದ್ರು, ಮೈಸೂರ ಕಡೆಯವ್ರು ಅಂಚೆ ಅಂತಿದ್ರು. ಅವರಿಗೆ ಅವರ ಅರಸರದ ಅಂಚೆ ಇತ್ತು, 1889ರೊಳಗ ಅದು ಬ್ರಿಟಿಷರ ಪೋಸ್ಟಿನೊಳಗ ಕೂಡಿತು. ಒಂದ ಭಾಷಾ, ಎರಡು ಶಬ್ದ.

ಪೋಸ್ಟಮನ್ ಸೈಕಲ್ ಮ್ಯಾಲೆ ಬಂದ್ರ ಓಣಿಯೊಳಗ ಹಬ್ಬ. ಕಟ್ಟಿ ಮ್ಯಾಲೆ ಕುಂತು ಫಾರ್ಮ್ ತಗದು, ಮಸಿ ಪ್ಯಾಡ್ ತೆಗದು, "ಬಾರವಾ ಇಲ್ಲೆ" ಅಂತಿದ್ದ. ಅವ್ವ ಹೆಬ್ಬಟ್ಟು ಚಾಚಿದ್ರ ಅವನ ಹಿಡದು ಮಸಿಗೆ ಒತ್ತಿ ಫಾರ್ಮಿಗೆ ಒತ್ತತಿದ್ದ. ಬಾಜೂ ಮನಿ ಮಾಸ್ತರು ಸಾಕ್ಷಿ ಹಾಕತಿದ್ರು. ಹೆಬ್ಬಟ್ಟು ಚೊಲೋ ಮೂಡೇತೋ ಇಲ್ಲೋ ಅಂತ ಯಾರೂ ಭೂತಗನ್ನಡಿ ಹಿಡದು ನೋಡಲಿಲ್ಲ. ಕೆಲವೊಮ್ಮೆ ಬರೇ ಒಂದು ಕರಿ ಚುಕ್ಕಿ ಆಗತಿತ್ತು. ನಡೀತಿತ್ತು. ಯಾಕಂದ್ರ ಇಕಿ ಯಾರಂತ ಪೋಸ್ಟಮನ್‌ಗ ಗೊತ್ತು, ಮಾಸ್ತರಿಗೆ ಗೊತ್ತು, ಇಡೀ ಓಣಿಗೆ ಗೊತ್ತು.

ಆ ಕಾಲ ಬಂಗಾರದಂಗಿತ್ತು ಅಂತ ನಾ ಹೇಳಂಗಿಲ್ಲ ಮತ್ತ. ಪ್ರತಿ ಸಲ ಚಾ ಕುಡಿಯಾಕ ಅಂತ ಪೋಸ್ಟಮನ್ ಒಂದಿಷ್ಟು ಹಿಡಕೊಂಡ ಕೊಡತಿದ್ದ. ಕೇಳಿದ್ರ ಮುಂದಿನ ತಿಂಗಳ ಮನಿಯಾರ್ಡರ್ ತಡಾ ಆಗತಿತ್ತು. ರೇಶನ್ ಅಂಗಡಿಯಂವನ ವಹಿಯೊಳಗ ನಾವು ಒಯ್ಯದ ಸಕ್ಕರಿಗೂ ನಮ್ಮ ಹೆಬ್ಬಟ್ಟು ಇರತಿತ್ತು. ಸತ್ತವರ ಹೆಸರಲೆ ಕಾರ್ಡು ನಡೀತಿದ್ವು. ಮಂದಿ ಎಲ್ಲಾ ಕಟ್ಟಿ ಮ್ಯಾಲೆ ಕುಂತು ಬೈತಿದ್ರು. ಆದರ ಒಂದು ಮಾತು. ಬೈಯಾಕ ಎದುರಿಗೆ ಒಂದು ಮಾರಿ ಇತ್ತು. ಪೋಸ್ಟಮನ್‌ಗ ಬೈದು, ಅವನ ಮಗಳ ಮದಿವಿಗೆ ಹೋಗಿ ಉಂಡು ಬರತಿದ್ವಿ.

1988ರೊಳಗ ದೇಶಕ್ಕೆಲ್ಲಾ ಸಾಕ್ಷರತಾ ಮಿಷನ್ ಅಂತ ಶುರುವಾತು. 1990ರೊಳಗ ಕೇರಳದ ಎರ್ನಾಕುಲಂ ಪೂರ್ತಿ ಸಾಕ್ಷರ ಜಿಲ್ಲಾ ಅಂತ ಘೋಷಣಾ ಆತು. ಆ ಗಾಳಿ ನಮ್ಮ ಕಡಿಗೂ ಬೀಸಿತು. ಅವ್ವ ಹುಟ್ಟಿದ ಸುಮಾರಿಗೆ, ಅಂದ್ರ 1951ರ ಜನಗಣತಿಯೊಳಗ, ದೇಶದಾಗ ನೂರು ಮಂದಿ ಹೆಣ್ಣಮಕ್ಕಳೊಳಗ ಓದು ಬಂದವ್ರು 9 ಮಂದಿನೂ ತುಂಬ ಇದ್ದಿದ್ದಿಲ್ಲ. ಉಳದ ತೊಂಬತ್ತೊಂದರೊಳಗ ನಮ್ಮವ್ವನೂ ಒಬ್ಬಾಕಿ. ನಲವತ್ತು ದಾಟಿದ ಮ್ಯಾಲೆ ಕಂದೀಲ ಹಿಡಕೊಂಡು ರಾತ್ರಿ ಸಾಲಿಗೆ ಹ್ವಾದಳು. ಓಣಿಯೊಳಗ ನಕ್ಕರು. "ಈ ವಯಸ್ಸಿನ್ಯಾಗ ಏನ್ ತಹಶೀಲ್ದಾರಕಿ ಆಗ್ತೀಯೇನಬೇ" ಅಂದ್ರು. ದಿನಾ ತುಂಬು ಬಿಡಿಸಿ ಉರಿಯೋ ಬೆರಳಾಗ ಸೀಮಿಸುಣ್ಣ ಹಿಡದು ತಿದ್ದಿದಳು. ಪೂರ್ತಿ ಓದು ಬರಲಿಲ್ಲ, ಬಸ್ಸಿನ ಬೋರ್ಡು ಓದತಿದ್ದಳು. ಆದರ ಸಹಿ ಬಂತು. ಹೆಸರಿನ ಕಡೀ ಅಕ್ಷರದ ಒತ್ತು ಸ್ವಲ್ಪ ದೂರ ಹೋಗಿ ನಿಂದರತಿತ್ತು, ಅದು ಅಕಿ ಸಹಿಯ ಗುರ್ತು.

ಮುಂದಿನ ಮನಿಯಾರ್ಡರಿಗೆ ಪೋಸ್ಟಮನ್ ಪ್ಯಾಡ್ ತೆಗದ. "ಅದ ಒಳಗ ಇಡಪಾ, ಪೆನ್ ಕೊಡು" ಅಂದಳು ಅವ್ವ. ನಾ ಆವಾಗ ಬಾಣಂತನಕ್ಕ ತವರಿಗೆ ಬಂದಿದ್ದೆ, ಕಣ್ಣಾರೆ ನೋಡೀನಿ. ಎಷ್ಟೋ ಹೊತ್ತು ತಗೊಂಡು ಬರದಳು. ಪೋಸ್ಟಮನ್ ಸುಮ್ಮನ ಕುಂತಿದ್ದ, ಗಡಿಬಿಡಿ ಮಾಡಲಿಲ್ಲ. ಮಾಸ್ತರು ಸಾಕ್ಷಿ ಹಾಕಾಕ ಎದ್ದು ಬಂದವ್ರು, "ಇನ್ನ ನನ್ನ ಕೆಲಸ ಇಲ್ಲ ಬಿಡವಾ" ಅಂತ ತಿರುಗಿ ಹ್ವಾದ್ರು. ಅವತ್ತಿಂದ ಅವ್ವ ಎಲ್ಲೂ ಹೆಬ್ಬಟ್ಟು ಒತ್ತಲಿಲ್ಲ. ಹೊಲದ ಕಾಗದ ಇರಲಿ, ಸಂಘದ ಸಾಲ ಇರಲಿ, ಸಹಿನ.

ಇತ್ತ ಕಡೆ ಬೆರಳು ಮತ್ತೊಂದು ದಾರಿಯಿಂದ ಬರಾಕ ಹತ್ತಿತ್ತು. 2000ದ ಸುಮಾರಿಗೆ ನಮ್ಮ ರಾಜ್ಯದಾಗ ಭೂಮಿ ಯೋಜನಾ ಬಂತು, ಪಹಣಿ ಕಂಪ್ಯೂಟರಿನೊಳಗ ಹೋತು. ತಾಲೂಕಾ ಕಚೇರಿಯೊಳಗ ದಾಖಲಾತಿ ತಿದ್ದೋ ನೌಕರರು ತಮ್ಮ ಬೆರಳಿಟ್ಟ ಕಂಪ್ಯೂಟರ್ ತೆಗೀಬೇಕು ಅಂತ ಮಾಡಿದ್ರು. ಇಷ್ಟು ದಿನ ನಮ್ಮ ಹೆಬ್ಬಟ್ಟು ಕೇಳಿದವ್ರು ಈಗ ತಾವ ಒತ್ತಬೇಕಾತು ಅಂತ ಮಂದಿಗೆ ಒಳಗೊಳಗ ಖುಷಿ. 2001ರೊಳಗ ನೋಂದಣಿ ಕಾಯ್ದೆಗೆ ತಿದ್ದುಪಡಿ ಆಗಿ, ಆಸ್ತಿ ಕಾಗದಕ್ಕ ಓದಿದವರಿರಲಿ ಬಿಡಲಿ, ಎಲ್ಲಾರೂ ಫೋಟೋ ಹಚ್ಚಿ ಬೆರಳಚ್ಚು ಕೊಡಬೇಕು ಅಂತಾತು. ಹೆಬ್ಬಟ್ಟು ಗಿರಾಕಿ ಅನ್ನೋ ಬೈಗಳ ಅವತ್ತ ಮುಗೀಬೇಕಿತ್ತು, ಆದರ ಮುಗೀಲಿಲ್ಲ.

ಆಮ್ಯಾಲೆ ಆಧಾರ್. 2009ರೊಳಗ ಪ್ರಾಧಿಕಾರ ಆತು. ಅದರ ಮೊದಲನೇ ಅಧ್ಯಕ್ಷರು ನಂದನ್ ನಿಲೇಕಣಿ. ಅವರು ಸಣ್ಣವರಿದ್ದಾಗ ನಮ್ಮ ಧಾರವಾಡದಾಗ ಸಾಲಿ ಕಲಿತವ್ರು. 2010ರ ಸೆಪ್ಟೆಂಬರ್ 29ಕ್ಕ ಮಹಾರಾಷ್ಟ್ರದ ನಂದುರಬಾರ್ ಜಿಲ್ಲಾದ ಟೆಂಭ್ಲಿ ಅನ್ನೋ ಹಳ್ಳಿಯೊಳಗ ಮೊದಲನೇ ಆಧಾರ್ ಕೊಟ್ಟರು. ಹತ್ತೂ ಬೆರಳು, ಎರಡೂ ಕಣ್ಣಿನ ಪಾಪಿ, ಒಂದು ಫೋಟೋ, 12 ಅಂಕಿ. ಇದು ಬ್ಯಾಡ ಅಂತ, ಹಿಂಗ ಎಲ್ಲಾದಕ್ಕೂ ಕಡ್ಡಾಯ ಮಾಡಬಾರದು ಅಂತ 2012ರೊಳಗ ಸುಪ್ರೀಂ ಕೋರ್ಟಿಗೆ ಹ್ವಾದವರೂ ನಮ್ಮ ರಾಜ್ಯದವರ, ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕಟ್ಟಿದವ್ರೂ ನಮ್ಮವ್ರು, ಪ್ರಶ್ನಿ ಮಾಡಿದವ್ರೂ ನಮ್ಮವ್ರು. 2018ರ ಸೆಪ್ಟೆಂಬರ್ 26ಕ್ಕ ತೀರ್ಪು ಬಂತು. ಸರ್ಕಾರದ ಸವಲತ್ತಿಗೆ ಆಧಾರ್ ಕೇಳಬಹುದು, ಬ್ಯಾಂಕ್ ಖಾತೆಗೆ, ಸಿಮ್ ಕಾರ್ಡಿಗೆ ಕಡ್ಡಾಯ ಮಾಡಬಾರದು ಅಂತ ಐದರೊಳಗ ನಾಕು ಮಂದಿ ನ್ಯಾಯಮೂರ್ತಿಗಳು ಹೇಳಿದ್ರು.

ಇದರ ಬಗ್ಗೆ ನಮ್ಮ ಓಣಿಯೊಳಗ ಎರಡು ಪಾರ್ಟಿ. ಮಷೀನ್ ಬಂದಮ್ಯಾಲೆ ರೇಶನ್ ಅಂಗಡಿಯಂವನ ಆಟ ನಿಂತೈತಿ, ಸತ್ತವರು ಅಕ್ಕಿ ಒಯ್ಯೋದು ನಿಂತೈತಿ ಅಂತ ಒಬ್ಬರು. ಖರೆ ಐತಿ ಅದು. ಬದುಕಿದ್ದವರೂ ಅಕ್ಕಿ ಒಯ್ಯೋದು ನಿಂತೈತಿ ಅಂತ ಇನ್ನೊಬ್ಬರು. ನಮ್ಮ ಅವ್ವನ ನಸೀಬಕ್ಕ ಅದೂ ಖರೆ ಆತು.

ಒಂದು ದಿನ ರೇಶನ್ ಅಂಗಡಿಯೊಳಗ ಸಣ್ಣ ಮಷೀನ್ ಇಟ್ಟು ಹುಡುಗ ಕುಂತಿದ್ದ. ಅವ್ವ ಪಾಳಿ ಬಂದಾಗ, "ಎಲ್ಲಿ ಸಹಿ ಮಾಡಲಪಾ" ಅಂತ ಕೇಳ್ಯಾಳ. "ಸಹಿ ನಡಿಯಂಗಿಲ್ಲಬೇ, ಹೆಬ್ಬಟ್ಟು ಇಡು" ಅಂದಾನ. ಮೂವತ್ತು ವರ್ಷದ ಹತ್ರ ಬಿಟ್ಟಿದ್ದ ಹೆಬ್ಬಟ್ಟನ್ನ ಅವತ್ತ ಮತ್ತ ಚಾಚಿದಳು. ಮಷೀನಿನ್ಯಾಗ ಕೆಂಪು ದೀಪ. ಬಲಗೈ ಇಟ್ಟಳು, ಎಡಗೈ ಇಟ್ಟಳು, ಹತ್ತೂ ಬೆರಳು ಇಟ್ಟಳು. ಕೆಂಪು ದೀಪನ. ಹಿಂದ ಪಾಳಿಯೊಳಗ ನಿಂತವ್ರು ಗೊಣಗಾಕ ಹತ್ತಿದ್ರು. "ಮುಂದಿನ ತಿಂಗಳ ಬಾ" ಅಂತ ಕಳಿಸ್ಯಾರ. ಮುಂದಿನ ತಿಂಗಳನೂ ಅದ. ಮೂರನೇ ತಿಂಗಳನೂ ಅದ. ಅಕಿ ನಮಗ ಹೇಳಲಿಲ್ಲ. ನಾ ಯುಗಾದಿಗೆ ಹ್ವಾದಾಗ ಅಕ್ಕಿ ಡಬ್ಬಿ ಬರಿದಿತ್ತು, ಆವಾಗ ಗೊತ್ತಾತು. "ಯಾಕಬೇ ಹೇಳಲಿಲ್ಲ?" ಅಂದ್ರ, "ಏನಂತ ಹೇಳಲಿ? ನಾ ನಾನಲ್ಲಂತ ಹೇಳಲೇನು?" ಅಂದಳು.

ಯಾಕ ಹಿಂಗಾಗತೈತಿ ಅಂದ್ರ, ವಯಸ್ಸಾದಂಗ ತೊಗಲು ತೆಳ್ಳಗ ಆಗತೈತಿ, ಒಣಗತೈತಿ. ಅದರ ಮ್ಯಾಲೆ ಕಲ್ಲು, ಸುಣ್ಣ, ಸಿಮೆಂಟು, ಸೋಪು, ಮೆಣಸಿನಕಾಯಿ. ತಿಕ್ಕಿ ತಿಕ್ಕಿ ಬೆರಳಿನ ಗೆರಿ ಸವದು ಮಷೀನಿಗೆ ಕಾಣಂಗಿಲ್ಲ. ಗೆರಿ ಬದಲಾಗಂಗಿಲ್ಲ ಅಂತ ಹರ್ಷೆಲ್ ಹೇಳಿದ್ದು ಖರೆನ, ಆದರ ಸವೀತೈತಿ. ಕುರ್ಚಿ ಮ್ಯಾಲೆ ಕುಂತು ಬರದವರ ಬೆರಳಿನ ಗೆರಿ ನೆಟ್ಟಗ ಉಳೀತಾವ. ಮೈ ಮುರದು ದುಡದವರದ್ದು ಅಳೀತಾವ. ಒಂದು ಕಾಲಕ್ಕ ರೈತನ ನೇಗಿಲನ ರೈತನ ಸಹಿ ಆಗಿತ್ತು ಅಂದ್ನೆಲ್ಲ, ಈಗ ಅದ ದುಡಿಮಿ ಸಹಿನ ಅಳಿಸೈತಿ.

ಅವ್ವನ್ನ ಕರಕೊಂಡು ಆಧಾರ್ ಕೇಂದ್ರಕ್ಕ ಹೋದೆ. ಅಲ್ಲಿ ಕುಂತ ಹುಡುಗಿ ಛಲೋ ಇದ್ದಳು, ಸಮಾಧಾನದಿಂದ ಮಾತಾಡಿದಳು. "ಎಂಟು ದಿನ ಕೈಗೆ ಕೆಲಸ ಕೊಡಬ್ಯಾಡ್ರಿ ಅಜ್ಜಿ, ರಾತ್ರಿ ಕೊಬ್ಬರಿಎಣ್ಣಿ ಹಚ್ಚಿಕೊಂಡು ಮಲಕೋರ್ರಿ, ಆಮ್ಯಾಲೆ ಬರ್ರಿ, ಹೊಸದಾಗಿ ತಗೋತೀನಿ" ಅಂದಳು. ಅವ್ವ ನಕ್ಕಳು. "ಎಂಟು ದಿನ ಕೈ ಸುಮ್ಮನ ಇಟ್ಟು ನಾ ಎಂದ ಕುಂತೀನಿ ತಂಗಿ?" ಅಂದಳು. ನಾ ಹಟ ಹಿಡದು ನಮ್ಮ ಮನಿಗೆ ಕರಕೊಂಡು ಬಂದೆ. ಎಂಟು ದಿನ ಭಾಂಡಿ ಮುಟ್ಟಗೊಡಲಿಲ್ಲ, ರೊಟ್ಟಿ ಬಡಿಯಗೊಡಲಿಲ್ಲ. ಅಕಿಗೆ ಜೇಲಿನೊಳಗ ಇಟ್ಟಂಗ ಆಗಿತ್ತು. ಎಂಟು ದಿನಕ್ಕ ಎರಡು ಬೆರಳು ಹತ್ತಿದ್ವು, ಹೆಬ್ಬಟ್ಟು ಹತ್ತಲೇ ಇಲ್ಲ.

ಆ ಹೊತ್ತಿಗೆ ಮಗ ಒಂದು ಸುತ್ತೋಲೆ ಹುಡುಕಿ ತಂದ. 2017ರ ಅಕ್ಟೋಬರ್ 24ಕ್ಕ ಆಧಾರ್ ಪ್ರಾಧಿಕಾರದವ್ರು ಹೊರಡಿಸಿದ್ದು. ಬೆರಳು ಕೂಡಲಿಲ್ಲ ಅಂತ ರೇಶನ್, ಪಿಂಚಣಿ ತಪ್ಪಿಸಬಾರದು, ಬ್ಯಾರೆ ದಾರಿಲೆ ಕೊಡಬೇಕು ಅಂತ ಅದರಾಗ ಐತಿ. ಅದಕ್ಕಿಂತ ತಿಂಗಳ ಮೊದಲ, ಸೆಪ್ಟೆಂಬರಿನ್ಯಾಗ, ಝಾರ್ಖಂಡದ ಸಿಮ್ಡೇಗಾ ಜಿಲ್ಲಾದಾಗ 11 ವರ್ಷದ ಒಂದು ಕೂಸು ಸತ್ತಿತ್ತು. ಆಧಾರ್ ಜೋಡಿಸಿಲ್ಲಂತ ಅವರ ರೇಶನ್ ಕಾರ್ಡ್ ರದ್ದಾಗಿತ್ತು. ಹಸಿವಿನಿಂದ ಅಂತ ಹೆತ್ತಾಕಿ ಅಂದಳು, ಮಲೇರಿಯಾ ಅಂತ ಸರ್ಕಾರ ಅಂತು. ಅದನ್ನ ಓದಿದ ರಾತ್ರಿ ನನಗ ನಿದ್ದಿ ಬರಲಿಲ್ಲ. ನಮ್ಮ ಅವ್ವಗ ನಾನಿದ್ದೆ, ಹಬ್ಬಕ್ಕ ಹೋಗಿ ಡಬ್ಬಿ ತಗದು ನೋಡಿದೆ. ಅಂಥಾ ಮಂದಿ ಇಲ್ಲದವ್ರು ಏನ್ ಮಾಡಬೇಕು?

ಸುತ್ತೋಲೆ ಪ್ರಿಂಟ್ ತಗದು ತಾಲೂಕಾ ಆಹಾರ ಶಾಖೆಗೆ ಹೋದೆ. ಅಲ್ಲಿಯ ಸಾಹೇಬರು ಓದಿದ್ರು, ಫೋನ್ ಮಾಡಿದ್ರು. ನನಗ ಸಿಟ್ಟು ಬರೋದು ಇಲ್ಲೆ. ನಿಯಮ ಇತ್ತು. ಅಂಗಡಿ ಹುಡುಗಗ ಯಾರೂ ಹೇಳಿರಲಿಲ್ಲ, ಅಂವ ಕೆಟ್ಟಾಂವ ಅಲ್ಲ. ಮಷೀನೂ ಕೆಟ್ಟದ್ದಲ್ಲ, ಕಾಣಲಿಲ್ಲ ಅಂತ ಹೇಳಿತು ಅಷ್ಟ. ತಪ್ಪಾಗಿದ್ದು ಎಲ್ಲಿ ಅಂದ್ರ, ಮಷೀನ್ ಇಲ್ಲ ಅಂದಮ್ಯಾಲೆ "ನಾ ಬಲ್ಲೆ, ಇಕಿ ಇಂಥಾಕಿ" ಅಂತ ಹೇಳೋ ಹಕ್ಕು ಯಾರಿಗೂ ಉಳಿದಿದ್ದಿಲ್ಲ. ಆ ಅಂಗಡಿಯೊಳಗ ಅವತ್ತ ಪಾಳಿಯೊಳಗ ನಿಂತ ಇಪ್ಪತ್ತು ಮಂದಿಗೂ ಅವ್ವ ಗೊತ್ತು. ಹಿಂದ ಮಾಸ್ತರ ಒಬ್ಬರ ಸಾಕ್ಷಿಗೆ ನಡೀತಿದ್ದ ಕೆಲಸ ಇಪ್ಪತ್ತು ಮಂದಿ ಇದ್ದರೂ ನಡೀಲಿಲ್ಲ. ಮಷೀನ್ ಇರಲಿ, ಬ್ಯಾಡ ಅನ್ನಂಗಿಲ್ಲ. ಅದರ ಬಾಜೂಕ ಸಾಕ್ಷಿ ಹೇಳೋ ಒಬ್ಬ ಮನಷ್ಯಾನೂ ಇರಲಿ ಅಂತೀನಿ.

ನಿಮ್ಮ ಮನಿಯೊಳಗೂ ವಯಸ್ಸಾದವ್ರು ಇರ್ತಾರ, ಅದಕ್ಕ ನನಗ ತಿಳಿದದ್ದನ್ನ ಹೇಳ್ತೀನಿ. ಆಧಾರಿಗೆ ಮನಿಯವರದು ಯಾರದರ ಒಂದು ಮೊಬೈಲ್ ನಂಬರ್ ಜೋಡಿಸಿಡ್ರಿ. ಬೆರಳು ಹತ್ತದಿದ್ದರ ಒಟಿಪಿ ಮ್ಯಾಲೆ ಕೆಲಸ ಆಗತೈತಿ. ಕಣ್ಣು ತೋರಿಸೋ ಮಷೀನ್ ಐತೇನು ಕೇಳ್ರಿ. ಸರ್ಕಾರಿ ಪಿಂಚಣಿ ಬರೋರಿಗೆ ಜೀವನ ಪ್ರಮಾಣ ಪತ್ರಕ್ಕ ಈಗ ಫೋನಿನೊಳಗ ಮಾರಿ ತೋರಿಸಿದ್ರೂ ನಡೀತೈತಿ, 2021ರಿಂದ ಬಂದೈತಿ. ಬ್ಯಾಂಕ್ ದೂರ ಇದ್ದರ ಪೋಸ್ಟಮನ್ ಕೇಳ್ರಿ. 2018ರಿಂದ ಪೋಸ್ಟಿನವರದ ಪೇಮೆಂಟ್ಸ್ ಬ್ಯಾಂಕ್ ಆಗೇತಿ, ಮನಿಗೆ ಮಷೀನ್ ತಂದು ರೊಕ್ಕ ಕೊಡ್ತಾರ. ಸೈಕಲ್ ಹೋಗಿ ಸ್ಕೂಟರ್ ಬಂದೈತಿ, ಪ್ಯಾಡ್ ಹೋಗಿ ಮಷೀನ್ ಬಂದೈತಿ, ಆದರ ಕಟ್ಟಿ ಮ್ಯಾಲೆ ಕುಂದರೋ ಮಾರಿ ಒಂದು ತಿರುಗಿ ಬಂತು ಅಂತ ನನಗ ಸಮಾಧಾನ.

ಮರುತಿಂಗಳ ಅವ್ವನ ಕೂಡ ನಾನೂ ರೇಶನ್ ಅಂಗಡಿಗೆ ಹೋಗಿದ್ದೆ. ಹುಡುಗ ಮಷೀನಿಗೆ ಬೆರಳು ಇಡಿಸಿದ, ಕೆಂಪು ದೀಪ ಬಂತು. ಅಂವ ಈ ಸಲ ಏನೂ ಅನ್ನಲಿಲ್ಲ. ಮೇಜಿನ ಕೆಳಗಿಂದ ಒಂದು ವಹಿ ತಗದ, ಬೆರಳು ಹತ್ತಲಾರದವರ ಹೆಸರು ಬರಿಯೋ ವಹಿ ಅದು. ಆಗಲೇ ಏಳೆಂಟು ಹೆಸರು ಇದ್ವು, ಎಲ್ಲಾ ನಮ್ಮ ಓಣಿ ಮುದುಕ್ಯಾರ, ಮುದುಕರ ಹೆಸರು. "ಅಜ್ಜಿ, ಇಲ್ಲೆ ಸಹಿ ಮಾಡು" ಅಂದ.

ಅವ್ವ ಕನ್ನಡಕ ಸರಿ ಮಾಡಿಕೊಂಡು, ಗಡಿಬಿಡಿ ಇಲ್ಲದ ಬರದಳು. ಕಡೀ ಅಕ್ಷರದ ಒತ್ತು ಅದ ಜಾಗಾದಾಗ, ಸ್ವಲ್ಪ ದೂರ ಹೋಗಿ ನಿಂತಿತ್ತು. ಹುಡುಗ ಅಕ್ಕಿ ತೂಗಿ ಚೀಲಕ್ಕ ಹಾಕಿದ, ನಾ ಹೊತಗೊಂಡು ಬಂದೆ.